ಕೆಂದ ಓಡಿದ್ದು ನಿಜ

ನಮ್ಮ ಪೇಟೆಯ ಹೆಸರು ಹೇಳುವುದಿಲ್ಲ. ಆಳಂದದಿಂದ ಅಫಜಲಪುರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ, ಅಷ್ಟು ಗೊತ್ತಾದರೆ ಸಾಕು. ಹೆಸರು ಹೇಳಿದರೆ ನಮ್ಮ ಕೋರ್ಟು ಕಚೇರಿಯಲ್ಲಿ ಕೂತು ಲಂಚ ತಿಂದವರ ಮೊಮ್ಮಕ್ಕಳು ನನ್ನ ಮನೆ ಮುಂದೆ ಜಗಳಕ್ಕೆ ಬರುತ್ತಾರೆ. ಅವರು ತಮ್ಮ ಅಜ್ಜಂದಿರಿಗಿಂತ ಶಾಣ್ಯಾರೇನೂ ಅಲ್ಲ.

ಧರ್ಮಣ್ಣ ನಮ್ಮ ಪೇಟೆಯ ಒಕ್ಕಲಿಗ. ಊರ ಬಾಗಿಲಾದ ಅಗಸಿಯ ಹೊರಗೆ ಹಳ್ಳದ ದಂಡೆಗೆ ಅವನ ಹೊಲ, ಅಗಸಿಯ ಒಳಗೆ ಮನೆ. ಎತ್ತರದ ಆಳು, ದೊಡ್ಡ ಗಂಟಲು, ಬುದ್ಧಿ ಅಷ್ಟಕ್ಕಷ್ಟೆ. ಸುಳ್ಳು ಹೇಳುತ್ತಿರಲಿಲ್ಲ ಎಂದು ಮಂದಿ ಹೊಗಳುತ್ತಿದ್ದರು. ಹೇಳಿದ ಸುಳ್ಳನ್ನು ನಾಲ್ಕು ದಿನ ನೆನಪಿಟ್ಟುಕೊಳ್ಳುವ ಶಕ್ತಿ ಅವನಿಗೆ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಏರು ಬಂದರೆ ಗಾಡಿಯಿಂದ ಇಳಿದು ಎತ್ತುಗಳ ಜೊತೆ ತಾನೂ ನಡೆಯುತ್ತಿದ್ದ. ಮಳೆ ಬಂದರೆ ಕಂಬಳಿಯನ್ನು ಎತ್ತಿನ ಮೇಲೆ ಹೊದಿಸಿ ತಾನು ನೆನೆಯುತ್ತಿದ್ದ. ಅವನ ಹೆಂಡತಿ ಸಾಬಮ್ಮ, “ಮುಂದಿನ ಜನ್ಮದಾಗ ನಾನೂ ಇವರ ಕೊಟ್ಟಿಗ್ಯಾಗ ಹುಟ್ಟಬೇಕು ನೋಡ್ರಿ, ಆಗರೆ ನನ್ನ ಮೈ ತಿಕ್ಕತಾರ” ಎಂದು ಬಾವಿಯ ಹತ್ತಿರ ನಿಂತು ಹೇಳುತ್ತಿದ್ದಳು.

ಹೇಳಲಿ ಬಿಡಿ, ಆ ಕೆಂಪು ಎತ್ತನ್ನು ಸಾಕಿದವಳೂ ಅವಳೇ. ಹುಟ್ಟಿದ ವಾರದಲ್ಲೇ ತಾಯಿ ಸತ್ತ ಕರುವಿಗೆ ಅರಿವೆ ಅದ್ದಿ ಅದ್ದಿ ಗಂಜಿ ಕುಡಿಸಿದ್ದಳು. ಅದು ಬೆಳೆದು ಕೆಂದ ಆಯಿತು. ಕೆಂದನ ಹೆಸರು ಕರೆದರೆ ಅದು ಮೊದಲು ಕಿವಿ ಎತ್ತಿ, ಆಮೇಲೆ ತಲೆ ತಿರುಗಿಸುತ್ತಿತ್ತು. ಊರಲ್ಲಿ ಅದಕ್ಕೆ ಸರಿಸಮ ಎಂದರೆ ಕಲ್ಯಾಣಪ್ಪನ ಬಿಳಿ ಎತ್ತು ಒಂದೇ. ಈ ಕಲ್ಯಾಣಪ್ಪ ಧರ್ಮಣ್ಣನ ಹೊಲದ ಬದುವಿಗೆ ಹತ್ತಿದ ಹೊಲದವನು. ಇಬ್ಬರಿಗೂ ಹೊಟ್ಟೆಕಿಚ್ಚೇ ಊಟ, ಹೊಟ್ಟೆಕಿಚ್ಚೇ ನಿದ್ದೆ.

ಸಾವಿರದ ಒಂಬೈನೂರ ನಲವತ್ತೆಂಟರ ಕಾರಹುಣ್ಣಿಮೆ. ನಮ್ಮದು ಆಗ ನಿಜಾಮನ ರಾಜ್ಯ, ಸುತ್ತಲಿನ ಹಳ್ಳಿಗಳಲ್ಲಿ ಅವನ ಕಡೆಯ ರಜಾಕಾರರ ಹಾವಳಿ. ಮಂದಿ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ಮನೆ ಸುಟ್ಟವರು ಫಿರ್ಯಾದಿ ಕೊಡಲು ಬಂದರೆ ನಮ್ಮ ಪೇಟೆಯ ಪೊಲೀಸ್ ಅಮೀನ, ಬರೆಯಲು ಕಾಗದ ಬಂದಿಲ್ಲ ಎಂದು ತಿರುಗಿ ಕಳಿಸುತ್ತಿದ್ದ. ಅಂಥ ವರ್ಷದಲ್ಲೂ ಕಾರಹುಣ್ಣಿಮೆ ಬಿಡಲಾಗುತ್ತದೆಯೇ? ಅಗಸಿಗೆ ಅಡ್ಡಲಾಗಿ ಬೇವಿನ ತೊಪ್ಪಲು, ಕೊಬ್ಬರಿ ಬಟ್ಟಲು ಪೋಣಿಸಿದ ಹಗ್ಗ ಕಟ್ಟಿದರು. ಅದೇ ಕರಿ. ಸಿಂಗರಿಸಿದ ಎತ್ತುಗಳನ್ನು ಬಜಾರದ ಆ ತುದಿಯಿಂದ ಬಿಡುತ್ತಾರೆ. ಓಡಿಬಂದು ಮೊದಲು ಕರಿ ಹರಿದ ಎತ್ತು ಕೆಂಪಾದರೆ ಮುಂಗಾರಿ ಫಸಲು ಚಲೋ, ತೊಗರಿ ಬಿತ್ತಬೇಕು. ಬಿಳಿಯದಾದರೆ ಹಿಂಗಾರಿ ಬಿಳಿಜೋಳವನ್ನು ನಂಬಬೇಕು. ಇಡೀ ಊರು ಅದರ ಮೇಲೆ ಬೀಜ ಆರಿಸುತ್ತದೆ.

ಆ ವರ್ಷ ಕೆಂದ ಕರಿ ಹರಿಯಿತು. ನಾನು ನನ್ನ ಕಾಳಿನ ಅಡತಿ ಅಂಗಡಿಯ ಕಟ್ಟೆಯ ಮೇಲೆ ನಿಂತು ಕಣ್ಣಾರೆ ಕಂಡಿದ್ದೇನೆ. ಗೆಜ್ಜೆಯ ಸಪ್ಪಳ ಕೇಳಿ ತಿರುಗುವಷ್ಟರಲ್ಲಿ ಅದು ನನ್ನ ಅಂಗಡಿ ದಾಟಿ ಹೋಗಿತ್ತು. ಧರ್ಮಣ್ಣ ಹಿಂದೆ ಹಗ್ಗ ಹಿಡಿದು ಓಡುತ್ತಿದ್ದ, ಅಥವಾ ಎತ್ತು ಅವನನ್ನು ಎಳೆದೊಯ್ಯುತ್ತಿತ್ತು. ಹುಸೇನಸಾಬನ ಚಹಾದ ಅಂಗಡಿಯ ಮುಂದೆ ನಮ್ಮ ಅಮೀನ ಕೂತಿದ್ದ. ಎತ್ತು ಎಬ್ಬಿಸಿದ ಗಾಳಿಗೋ, ತಾನೇ ಹೆದರಿ ಹಿಂದೆ ಸರಿದದ್ದಕ್ಕೋ, ಅವನ ಟೋಪಿ ಜಾರಿ ಗಟಾರಕ್ಕೆ ಬಿತ್ತು. ನಾಲ್ಕು ಮಂದಿ ನಕ್ಕರು. ಹುಸೇನಸಾಬ ಪಾಪ, ಟೋಪಿ ಎತ್ತಿ ತೊಳೆದು ಕೊಟ್ಟ. ಅಷ್ಟೇ ಆದದ್ದು. ಯಾರ ಕೂದಲೂ ಕೊಂಕಲಿಲ್ಲ.

ಸಂಜೆಗೆ ಅಮೀನನಿಗೆ ಕಾಗದ ಸಿಕ್ಕಿತು.

ಬಜಾರದ ಬಾಯಿಗೆ ಒಂದು ತಗಡಿನ ಹಲಗೆ ಇತ್ತು. ನಿಧಾನ ಹೋಗಬೇಕು, ಜೋರಾಗಿ ಹೋದವರಿಗೆ ಶಿಕ್ಷೆ ಎಂದು ಉರ್ದುವಿನಲ್ಲಿ ಬರೆದಿದ್ದರು. ಅದು ಮೋಟಾರಿಗೆ ಹಾಕಿದ್ದು. ನಮ್ಮ ಪೇಟೆಗೆ ಬರುತ್ತಿದ್ದ ಮೋಟಾರು ಜಾಗೀರಿನ ದೊಡ್ಡ ಸಾಹೇಬನದು ಒಂದೇ. ಅದು ಕುಂಬಾರರ ಗಡಿಗೆಗಳ ಮೇಲೆ ಹಾಯ್ದು ಹೋದ ಮೇಲೆ ಮಂದಿಯ ಬಾಯಿ ಮುಚ್ಚಿಸಲು ಹಲಗೆ ಹಾಕಿದರು. ಸಾಹೇಬನ ಮೋಟಾರು ತಡೆಯುವ ಗಂಡಸು ಯಾರೂ ಹುಟ್ಟಿರಲಿಲ್ಲ. ಕಾನೂನು ಕೆಲಸವಿಲ್ಲದೆ ತುಕ್ಕು ಹಿಡಿಯುತ್ತಿತ್ತು. ಕೊನೆಗೆ ಅದಕ್ಕೆ ಒಂದು ಎತ್ತು ಸಿಕ್ಕಿತು.

ಬಜಾರದಲ್ಲಿ ಬೇಫಾಮ್ ವೇಗದಿಂದ ಎತ್ತು ಓಡಿಸಿದ ಅಪರಾಧ ಎಂದು ಧರ್ಮಣ್ಣನ ಮೇಲೆ ಕೇಸು ಹಾಕಿದರು. ಕೆಂದನನ್ನು ಸಾಕ್ಷಿಯ ಸಾಮಾನು ಎಂದು ಹಿಡಿದುಕೊಂಡು ಹೋಗಿ ಕೊಂಡವಾಡಕ್ಕೆ ಹಾಕಿದರು. ಅದು ಹೊಲ ಹೊಕ್ಕ ದನಗಳನ್ನು ಕೂಡಿಹಾಕುವ ದೊಡ್ಡಿ, ನಾಲ್ಕು ಗೋಡೆ, ಮೇಲೆ ಆಕಾಶ.

ಧರ್ಮಣ್ಣ ನನ್ನ ಹತ್ತಿರ ಓಡಿಬಂದ. ನಾನು ಉರ್ದು ಓದಿದವನು, ಅಂಗಡಿ ಕಚೇರಿಯ ಎದುರಿಗೇ.

“ಸಾವುಕಾರ್ರ, ಬಿತ್ತಗಿ ಬಂದದ. ನೀವು ಬಂದು ಒಂದ್ ಮಾತು ಹೇಳ್ರಿ. ಎತ್ತು ಓಡಾಕ ಅಂತೇ ಕಾರಹುಣ್ಣಿಮಿ ಮಾಡ್ತಾರ, ಇದು ಅವರಿಗಿ ಗೊತ್ತಿಲ್ಲೇನು?”

ಗೊತ್ತಿತ್ತು. ಕಚೇರಿಯವರಿಗೆ ಎಲ್ಲ ಗೊತ್ತಿರುತ್ತದೆ, ಅದೇ ಅವರ ರೋಗ.

ವಕೀಲ ದೌಲತರಾಯನನ್ನು ಹಿಡಿದೆವು. ಕರಿ ಕೋಟಿನ ಮೇಲೆ ಅಡಿಕೆಯ ಕಲೆ, ಮಾತಿಗೆ ಮುಂಚೆ ಕೆಮ್ಮು. ಅವನು ಧರ್ಮಣ್ಣನಿಗೆ ಹೇಳಿದ ಉಪಾಯ ಇಷ್ಟೇ: “ಎತ್ತು ಓಡಲಿಲ್ರಿ, ನಡೀತು ಅನ್ನು. ಮುಗೀತು.”

ಧರ್ಮಣ್ಣ ಅವನ ಮುಖವನ್ನೇ ನೋಡಿದ. “ಕರಿ ಹರದ ಎತ್ತು ನಡೀತು ಅಂತ ನಾ ಹ್ಯಾಂಗ ಅನ್ನಲ್ರಿ? ಊರೆಲ್ಲ ಅದರ ಮ್ಯಾಲ ತೊಗರಿ ಬಿತ್ತಾಕತ್ಯಾದ. ನಾಳಿ ನಾ ಹೊರಗ ಹ್ಯಾಂಗ ಬರ್ಲಿ?”

“ನಿನಗ ಎತ್ತು ಬೇಕೋ, ಮಾನ ಬೇಕೋ?”

“ಎರಡೂ ಬೇಕ್ರಿ. ಎರಡೂ ನಂದೇ ಅವ.”

ದೌಲತರಾಯ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ನಾಯಿಗೆ ಹೇಳಿದರೂ ತಿಳಿದೀತು, ಇವನಿಗೆ ತಿಳಿಯದು ಎಂಬ ಅರ್ಥ. ಆ ಕಣ್ಣು ಮಿಟುಕಿಸಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೊದಲ ತಾರೀಖಿಗೆ ಮುನ್ಸಿಫ್ ಸಾಹೇಬನ ಹಲ್ಲು ನೋಯುತ್ತಿತ್ತು, ಕೇಸು ಮುಂದೆ ಹೋಯಿತು. ಎರಡನೆಯದಕ್ಕೆ ಸಾಹೇಬ ಅಫಜಲಪುರದಲ್ಲಿ ಮುಕ್ಕಾಂ ಮಾಡಿದ್ದ, ಅಲ್ಲಿಗೇ ಬರಬೇಕು ಎಂದರು. ಮಳೆಯಲ್ಲಿ, ರಜಾಕಾರರು ತಿರುಗುವ ದಾರಿ ಬಿಟ್ಟು, ಹೊಲ ಹೊಲ ಹಾಯ್ದು ಹೋದೆವು. ಅಲ್ಲಿಯ ಬೇವಿನ ಗಿಡದ ಕೆಳಗೆ ಹೊತ್ತು ಮುಳುಗುವವರೆಗೆ ಕೂತೆವು. ಕೊನೆಗೆ ಪೇಶ್ಕಾರ ಹೊರಗೆ ಬಂದ. ಕೇಸುಗಳನ್ನು ಕೂಗುವವನು, ಮುಂದಿಡುವವನು, ಹಿಂದೆ ತಳ್ಳುವವನು ಅವನೇ. ಸಾಹೇಬರು ಜಿಂಕೆ ಬೇಟೆಗೆ ಹೋಗಿದ್ದಾರೆ ಎಂದು ಹೇಳಿ ಮೂಗು ಸೀನಿ ಒಳಗೆ ಹೋದ. ಜಿಂಕೆಗೆ ಪುಣ್ಯ, ಅದಕ್ಕೆ ನಿಧಾನ ಹೋಗು ಎಂಬ ಹಲಗೆ ಇರಲಿಲ್ಲ.

ಆಮೇಲೆ ಅಮೀನನಿಗೆ ಜೇವರ್ಗಿಗೆ ಬದಲಿಯಾಯಿತು. ಫಿರ್ಯಾದಿ ಬರೆದ ಅಮೀನ ಬಂದು ಹೇಳದೆ ಕೇಸು ನಡೆಯದು ಎಂದ ಪೇಶ್ಕಾರ.

“ಮತ್ತ ಅವರನ್ನ ಕರಸ್ರಿ” ಎಂದ ಧರ್ಮಣ್ಣ.

“ನಿನಗ ಜಲ್ದಿ ಇದ್ರ ನೀನೇ ಹೋಗಿ ಕರಕೊಂಡು ಬಾ.”

ಧರ್ಮಣ್ಣ ಹೋದ! ತುಂಬಿ ಹರಿಯುವ ಭೀಮಾ ಹೊಳೆಯನ್ನು ಹರಗೋಲಿನಲ್ಲಿ ದಾಟಿ, ಕೊಳಕೂರಿನಲ್ಲಿ ಹೆಂಡತಿಯ ತವರುಮನೆಯಲ್ಲಿ ಒಂದು ರಾತ್ರಿ ಮಲಗಿ, ಜೇವರ್ಗಿಗೆ ಹೋದ. ತನ್ನ ಮೇಲೆ ತಪ್ಪು ಹೊರಿಸಿದವನನ್ನು, ಬಂದು ಸರಿಯಾಗಿ ಹೊರಿಸ್ರಿ ಎಂದು ಕೈಮುಗಿದು ಕೇಳಲು ಹೋದವನು ನನ್ನ ಆಯುಷ್ಯದಲ್ಲಿ ಇವನೊಬ್ಬನೇ. ಅಮೀನ ಅವನನ್ನು ಮೇಲೆ ಕೆಳಗೆ ನೋಡಿ, “ಯಾವ ಎತ್ತು?” ಎಂದನಂತೆ. ಮರೆತೇಬಿಟ್ಟಿದ್ದ. ನೆನಪು ಮಾಡಿಕೊಟ್ಟ ಮೇಲೆ, ಕಚೇರಿಯಿಂದ ಸಮನ್ಸ್ ಬಂದರೆ ಬರುತ್ತೇನೆ ಎಂದ. ತಿರುಗಿ ಬಂದು ಪೇಶ್ಕಾರನನ್ನು ಸಮನ್ಸ್ ಕೇಳಿದರೆ, ಅಮೀನರು ಬರೆದು ಕೇಳಿದರೆ ಕಳಿಸುತ್ತೇವೆ ಎಂದ. ಗಾಣದ ಎತ್ತು ತಿರುಗಿದ್ದಕ್ಕಾದರೂ ಎಣ್ಣೆ ಬರುತ್ತದೆ. ಇದರಲ್ಲಿ ಏನು ಬಂತು?

ಹೊಲ ಬೀಳು ಬೀಳಬಾರದೆಂದು ನಾವು ಕೆಲವರು ಮುಯ್ಯಿ ಮಾಡಿ, ನಮ್ಮ ನಮ್ಮ ಎತ್ತು ಹೂಡಿ ಅವನ ತೊಗರಿ ಬಿತ್ತಿಕೊಟ್ಟೆವು. ಕಲ್ಯಾಣಪ್ಪ ಬರಲಿಲ್ಲ. ಹುಸೇನಸಾಬನ ಅಂಗಡಿಯಲ್ಲಿ ಕೂತು, ಕಾರಹುಣ್ಣಿಮೆಯ ದಿನ ತನ್ನ ಬಿಳಿ ಎತ್ತಿನ ಹಗ್ಗವನ್ನು ಯಾರೋ ಹಿಂದಿನಿಂದ ಹಿಡಿದು ಜಗ್ಗಿದರು, ಇಲ್ಲದಿದ್ದರೆ ಕರಿ ತನ್ನದೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುತ್ತಲೇ ತಾನೂ ತೊಗರಿಯನ್ನೇ ಬಿತ್ತಿದ, ಕಳ್ಳ.

ಕೆಂದ ಕೊಂಡವಾಡದ ಕೆಸರಿನಲ್ಲಿ ನಿಂತಿತ್ತು. ಧರ್ಮಣ್ಣ ದಿನಾ ಬೆಳಿಗ್ಗೆ ಜೋಳದ ಕಣಿಕೆಯ ಸೂಡು ಹೊತ್ತು ಹೋಗುತ್ತಿದ್ದ. ಬಾಗಿಲಲ್ಲಿ ಕಾವಲುಗಾರ ಸೂಡು ಇಸಿದುಕೊಳ್ಳುತ್ತಿದ್ದ. ಅದರಲ್ಲಿ ಅರ್ಧ ಅವನ ಎಮ್ಮೆಗೆ ಹೋಗುತ್ತಿತ್ತು, ಆ ಎಮ್ಮೆ ಆ ಮಳೆಗಾಲದಲ್ಲಿ ಮಿರಿಮಿರಿ ಮಿಂಚಿತು. ಶ್ರಾವಣದಲ್ಲಿ ಕೆಂದನ ಮುಂಗಾಲಿನ ಗೊರಸು ಕೊಳೆಯಲು ಶುರುವಾಯಿತು. ಧರ್ಮಣ್ಣ ಬೇವಿನೆಣ್ಣೆ, ಅರಿಸಿನ, ಹಳೆ ಅರಿವೆ ತೆಗೆದುಕೊಂಡು ಹೋದ. ಕಾವಲುಗಾರ ಒಳಗೆ ಬಿಡಲಿಲ್ಲ.

“ಇದು ಸರ್ಕಾರದ ಸಾಕ್ಷಿ ಸಾಮಾನದ. ಕೈ ಹಚ್ಚಿದ್ರ ಇನ್ನೊಂದು ಕೇಸ್ ಆಗ್ತದ ನೋಡು.”

“ಕೈ ಹಚ್ಚಾಂಗಿಲ್ಲಪ, ಎಣ್ಣಿ ಹಚ್ತೇನಿ.”

ನಾನು ಪೇಶ್ಕಾರನ ಹತ್ತಿರ ಹೋಗಿ ಬೇಡಿದೆ. ಕೇಸು ಮುಗಿಯುವವರೆಗೆ ಸಾಮಾನು ಹಿಡಿದಾಗ ಹೇಗಿತ್ತೋ ಹಾಗೇ ಇರಬೇಕು, ಯಾರೂ ಮುಟ್ಟಬಾರದು ಎಂಬ ನಿಯಮವನ್ನು ನನಗೆ ತಿಳಿಸಿ ಹೇಳಿದ. ಹಿಡಿದಾಗ ಹೇಗಿತ್ತೋ ಹಾಗೆ! ಅದಕ್ಕೇ ಅದು ಕೊಳೆಯುತ್ತಿತ್ತು. ಥೂ, ಇವರ ಬಾಯಿಗೆ ಮಣ್ಣು ಹಾಕ. ಧರ್ಮಣ್ಣ ಗೋಡೆಯ ಹೊರಗೆ ನಿಂತು “ಕೆಂದಾ” ಎಂದು ಕರೆಯುತ್ತಿದ್ದ, ಒಳಗೆ ಗೆಜ್ಜೆ ಸಪ್ಪಳ ಆದರೆ ಮನೆಗೆ ಹೋಗುತ್ತಿದ್ದ.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಸೊಲ್ಲಾಪುರದ ಕಡೆಯಿಂದ ಬಂತು. ಐದು ದಿನಕ್ಕೆ ನಿಜಾಮನ ಸರ್ಕಾರ ಕೈ ಎತ್ತಿತು. ಬಜಾರದಲ್ಲಿ ಸಕ್ಕರೆ ಹಂಚಿದೆವು. ಧರ್ಮಣ್ಣ ಬಾಯಲ್ಲಿ ಸಕ್ಕರೆ ಹಾಕಿಕೊಂಡು ನೆಟ್ಟಗೆ ಕೊಂಡವಾಡಕ್ಕೆ ಓಡಿದ. ನಾನೂ ಹಿಂದೆ ಹೋದೆ. ಕಾವಲುಗಾರ ಅಲ್ಲೇ ಕೂತಿದ್ದ.

“ಸರ್ಕಾರ ಹೋಯ್ತಲ್ಲೋ, ಎತ್ತು ಬಿಡು” ಎಂದ ಧರ್ಮಣ್ಣ.

“ಸರ್ಕಾರ ಹೋಗ್ಯಾದ. ಕೇಸ್ ಎಲ್ಲಿ ಹೋಗ್ಯಾದ?”

ಒಂದು ದೊಡ್ಡ ಸಿಂಹಾಸನ ಉರುಳಿತು, ಕೊಂಡವಾಡದ ಕೀಲಿ ಉರುಳಲಿಲ್ಲ. ನಾನು ಧರ್ಮಣ್ಣನನ್ನು ಬದಿಗೆ ಕರೆದು, ಗೋಡೆ ಮಣ್ಣಿನದು, ನಾಲ್ಕು ಮಂದಿ ಸೇರಿದರೆ ಬೀಳುತ್ತದೆ, ಈಗ ಕೇಳುವವರು ಯಾರೂ ಇಲ್ಲ ಎಂದೆ. ಅವನು ಒಪ್ಪಲಿಲ್ಲ. “ಕರಿ ಹರದ ಎತ್ತು ಸಾವುಕಾರ್ರ. ಕಳ್ಳರಂಗ ಯಾಕ ಒಯ್ಯಲಿ? ಮರ್ಯಾದಿಲೆ ಒಯ್ತೇನಿ.” ಹೆಡ್ಡ, ಹೆಡ್ಡರಲ್ಲಿ ಹೆಡ್ಡ. ಅಂದು ನನಗೆ ಅವನನ್ನು ಹೊಡೆಯಬೇಕೆನಿಸಿತು.

ದಸರೆ ಮುಗಿದ ಮೇಲೆ ಕಚೇರಿ ಮತ್ತೆ ತೆರೆಯಿತು. ಹೊಸ ಮುನ್ಸಿಫ್ ಹೊರಗಿನ ಸೀಮೆಯವನು, ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಬಟ್ಟೆ. ಕನ್ನಡ ಬರದು, ಎತ್ತು ಮೊದಲೇ ಗೊತ್ತಿಲ್ಲ. ಪೇಶ್ಕಾರ ಮಾತ್ರ ಅವನೇ. ಕೆಂಪು ರೂಮಿ ಟೋಪಿ ಹೋಗಿ ಬಿಳಿ ಟೋಪಿ ಬಂದಿತ್ತು, ಕೆಳಗಿನ ತಲೆ ಹಳೆಯದೇ. ದೌಲತರಾಯನೂ ಕೋಟಿನ ಮೇಲೊಂದು ತ್ರಿವರ್ಣದ ಬಿಲ್ಲೆ ಚುಚ್ಚಿಕೊಂಡಿದ್ದ, ಅಡಿಕೆಯ ಕಲೆ ಮುಚ್ಚುವಂತೆ.

ಅಮೀನ ಎಲ್ಲಿಗೋ ಓಡಿಹೋಗಿದ್ದ. ಆದರೆ ಫಿರ್ಯಾದಿಯ ಕಾಗದದಲ್ಲಿ ಒಬ್ಬ ಸಾಕ್ಷಿಯ ಹೆಸರು ಬರೆದಿದ್ದ, ಅವನೊಬ್ಬ ಬಂದರೆ ಸಾಕು ಎಂದ ಹೊಸ ಮುನ್ಸಿಫ್. ಕಾರಹುಣ್ಣಿಮೆಯ ದಿನ ಕೆಂದನ ಹಿಂದೆಯೇ ಓಡುತ್ತಿದ್ದವನು, ಕಲ್ಯಾಣಪ್ಪ. ಅವನು ತಲೆಗೆ ಪಟಗ ಬಿಗಿದುಕೊಂಡು ಬಂದು ನಿಂತ. ಎತ್ತು ಎಷ್ಟು ಜೋರಾಗಿ ಓಡಿತು ಎಂದು ಪೇಶ್ಕಾರ ಕೇಳಿದ.

“ಓಡೂದಾ? ಆ ಎತ್ತಾ?” ಕಲ್ಯಾಣಪ್ಪ ನಕ್ಕ. “ದೇವರಾಣಿ ಸಾಹೇಬ್ರ, ದಿನ ತುಂಬಿದ ಬಸುರಿ ನೀರಿಗಿ ಹೋದಂಗ ಹೋಗ್ಯಾದ. ನನ್ನ ಬಿಳಿ ಎತ್ತಿನ ಹಗ್ಗ ಯಾರೋ ಹಿಂದಿಂದ ಹಿಡದ್ರು. ಇಲ್ಲಂದ್ರ ಆ ಕೆಂದಗ ಕರಿ ಕಣ್ಣಿಗೂ ಬೀಳ್ತಿರಲಿಲ್ಲ.”

ದೌಲತರಾಯನ ಮುಖ ಅರಳಿತು. ಸರ್ಕಾರದ ಸಾಕ್ಷಿಯೇ ಎತ್ತು ಓಡಲಿಲ್ಲ ಎಂದ ಮೇಲೆ ಇನ್ನೇನು ಉಳಿಯಿತು? ಹೊಟ್ಟೆಕಿಚ್ಚು ಧರ್ಮಣ್ಣನನ್ನು ಬಿಡಿಸಿತ್ತು. ಅವನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ನಾನು ಅವನ ಅಂಗಿ ಹಿಡಿದು ಜಗ್ಗಿದೆ.

“ಸುಳ್ಳದ್ರಿ!” ಧರ್ಮಣ್ಣನ ಗಂಟಲು ಕಚೇರಿಯ ಹಂಚು ಅಲ್ಲಾಡಿಸಿತು. “ಹಸಿ ಸುಳ್ಳ! ಓಡ್ಯಾದ್ರಿ ನನ್ನ ಎತ್ತು. ಗಾಳಿ ಹಂಗ ಓಡ್ಯಾದ. ಇವನ ಬಿಳಿ ಎತ್ತು ನನ್ನ ಕೆಂದನ ಧೂಳಾ ಕುಡದದ. ಯಾವ ಮಗ ಹಗ್ಗ ಹಿಡದಾನ, ಕರಸ್ರಿ ಅವನಿಗಿ!”

ದೌಲತರಾಯ ಹಣೆ ಬಡಿದುಕೊಂಡ. ಮುನ್ಸಿಫ್ ಏನೆಂದು ಕೇಳಿದ. ಪೇಶ್ಕಾರ ತಿಳಿಸಿದ. ತಪ್ಪು ಮಾಡಿದವನು ತಪ್ಪು ಮಾಡಿದೆ ಎನ್ನುತ್ತಾನೆ, ಸಾಕ್ಷಿ ಹೇಳುವವನು ಇವನು ಮಾಡಿಲ್ಲ ಎನ್ನುತ್ತಾನೆ. ಆ ಹುಡುಗು ಮುಖದ ಮುನ್ಸಿಫ್ ಸ್ವಲ್ಪ ಹೊತ್ತು ಪೆನ್ನು ಕಚ್ಚಿದ. ಆಮೇಲೆ ದೊಡ್ಡ ನ್ಯಾಯ ಹೊಳೆದವನಂತೆ, ಎತ್ತನ್ನು ತರಿಸಿ ಓಡಿಸಿ ತೋರಿಸಿ ಎಂದ.

ಕೆಂದನನ್ನು ಕಚೇರಿಯ ಅಂಗಳಕ್ಕೆ ತಂದರು. ಎಲುಬು ಎಣಿಸುವಂತಿದ್ದವು, ಕೊಂಬಿನ ಬಣ್ಣ ಸುಲಿದಿತ್ತು, ಬಲ ಮುಂಗಾಲಿನ ಕೊಳೆತ ಗೊರಸು ಉದ್ದ ಬೆಳೆದು ಸೀಳಿತ್ತು. ಧರ್ಮಣ್ಣ ಅಂಗಳದ ಆ ತುದಿಗೆ ಹೋಗಿ ನಿಂತು ಕರೆದ. ಕೆಂದ ಕಿವಿ ಎತ್ತಿತು, ತಲೆ ತಿರುಗಿಸಿತು. ಓಡಲೆಂದೇ ಮುಂದೆ ಬಾಗಿತು. ಎರಡು ಹೆಜ್ಜೆಗೆ ಮುಂಗಾಲು ಕುಸಿದು ಮಂಡಿಯೂರಿತು. ಚಪರಾಸಿ ಬೆತ್ತ ಎತ್ತಿದ. ಧರ್ಮಣ್ಣ ಬಂದು ಬೆತ್ತ ಕಸಿದು ಮುರಿದು ಎಸೆದ.

ಮುನ್ಸಿಫ್ ತೀರ್ಪು ಹೇಳಿದ, ಪೇಶ್ಕಾರ ಕನ್ನಡದಲ್ಲಿ ಕೂಗಿದ: “ಈ ಎತ್ತು ಓಡುವಂಥಾದ್ದಲ್ಲ. ವೇಗದ ಅಪರಾಧ ಆಗಿಲ್ಲ. ಧರ್ಮಣ್ಣ ಬಿಡುಗಡೆ, ಎತ್ತು ವಾಪಸ್.”

ಅಂಗಳದಲ್ಲಿದ್ದ ಮಂದಿ ಗೆದ್ದೆ ಎಂದು ಅವನ ಬೆನ್ನು ತಟ್ಟಿದರು. ಧರ್ಮಣ್ಣ ಮೆಟ್ಟಿಲ ಹತ್ತಿರ ಹೋಗಿ ಮುನ್ಸಿಫನಿಗೆ ಕೈಮುಗಿದ.

“ಸಾಹೇಬ್ರ, ನನಗ ಶಿಕ್ಷಾ ಕೊಡ್ರಿ. ಜೇಲಿಗಿ ಕಳಸ್ರಿ, ಹೋಗ್ತೇನಿ. ಆದ್ರ ಕೆಂದ ಓಡಿತ್ತು ಅಂತ ಬರೀರಿ.”

ಪೇಶ್ಕಾರ ಕಿಸಕ್ಕನೆ ನಕ್ಕು ಮುಂದಿನ ಕೇಸು ಕೂಗಿದ. ನ್ಯಾಯ ಎಂದರೆ ಇವರಿಗೆ ಇಷ್ಟೇ. ತಾವೇ ಕಾಲು ಕೊಳೆಸಿ, ಕಾಲು ನೋಡಿ, ಇದು ಓಡಿಲ್ಲ ಎಂದು ಬರೆದುಕೊಂಡರು. ಬರೆದ ಕೈ ಸೇದಿಹೋಗಲಿ ಎಂದು ನಾನು ಅಂದೇ ಶಾಪ ಹಾಕಿದ್ದೇನೆ. ಸೇದಿಹೋಗಲಿಲ್ಲ, ಪೇಶ್ಕಾರನ ಮನೆ ಎರಡು ಅಂತಸ್ತಾಯಿತು.

ಧರ್ಮಣ್ಣ ಹಗ್ಗ ಹಿಡಿದು ಬಜಾರದ ನಡುವೆ ಎತ್ತನ್ನು ನಡೆಸಿಕೊಂಡು ಹೊರಟ, ನಾನು ಜೊತೆಗೆ. ಊರ ಹೊರಗೆ ಹಳ್ಳದ ಹರಿಯುವ ನೀರಿನಲ್ಲಿ ಮೊದಲು ಆ ಕಾಲು ತೊಳೆಯಬೇಕು ಎಂದು ಅವನ ಹಟ. ಹಲಗೆ ಹೇಳಿದ್ದಕ್ಕಿಂತ ನಿಧಾನ ಹೋಗುತ್ತಿದ್ದೆವು. ದನ ಮರಳುವ ಹೊತ್ತು. ಅಗಸಿಯ ಹತ್ತಿರ ಬಂದಾಗ ಸಾಬಮ್ಮ ಎಣ್ಣೆಯ ಬಟ್ಟಲು ಹಿಡಿದು ಕಾದಿದ್ದಳು. ಎದುರಿನಿಂದ ಕಲ್ಯಾಣಪ್ಪ ಬಿಳಿ ಎತ್ತಿನ ಜೊತೆ ಹೊಲದಿಂದ ಬರುತ್ತಿದ್ದ. ಸಾಕ್ಷಿ ಹೇಳಿದವನೇ ಹೊಲಕ್ಕೆ ಹೋಗಿಬಿಟ್ಟಿದ್ದ, ಕೆಂದನನ್ನು ಅವನು ಕಾರಹುಣ್ಣಿಮೆಯ ನಂತರ ನೋಡಿದ್ದು ಇದೇ ಮೊದಲು.

ಬಿಳಿ ಎತ್ತು ಮನೆಯ ಆಸೆಗೆ ಜಗ್ಗುತ್ತಿತ್ತು. ಕಲ್ಯಾಣಪ್ಪ ಕೆಂದನ ಕಾಲು ನೋಡಿದ. ಮುಖ ನೋಡಿದ. ಎರಡೂ ಕೈಯಿಂದ ತನ್ನ ಎತ್ತಿನ ಹಗ್ಗ ಎಳೆದು ಅಗಸಿಯ ಹೊರಗೇ ನಿಲ್ಲಿಸಿಕೊಂಡ. ಕೆಂದ ಕುಂಟುತ್ತ ಅಗಸಿ ದಾಟಿತು.

“ಧರ್ಮಣ್ಣ,” ಎಂದ ಕಲ್ಯಾಣಪ್ಪ ಮೆಲ್ಲಗೆ. “ಆವತ್ತು ನನ್ನ ಎತ್ತಿನ ಹಗ್ಗ ಯಾರೂ ಹಿಡದಿರ್ಲಿಲ್ಲ.”

ಧರ್ಮಣ್ಣ ನಿಂತ. “ಜೋರಾಗಿ ಅನ್ನೋ.”

“ಯಾರರೆ ಕೇಳ್ತಾರೋ.”

“ಕೇಳ್ಲಿ. ಕೆಂದಗ ಕೇಳ್ಲಿ.”

ಕಲ್ಯಾಣಪ್ಪ ಬಜಾರದ ಕಡೆ ಮುಖ ಮಾಡಿ, ಸಂತೆಯಲ್ಲಿ ಕೂಗುವವನಂತೆ ಕೂಗಿದ. “ಯಾರೂ ಹಗ್ಗ ಹಿಡದಿಲ್ರೋ! ಕೆಂದ ಓಡ್ಯಾದ! ನನ್ನ ಎತ್ತಿಗಿ ಹಿಂದ ಹಾಕಿ ಓಡ್ಯಾದ!”

ಹುಸೇನಸಾಬನ ಅಂಗಡಿಯಲ್ಲಿ ಕೂತವರು ಚಹಾದ ಬಶಿ ಕೆಳಗಿಟ್ಟು ಎದ್ದು ನಿಂತರು. ಕಚೇರಿಗೆ ಕೀಲಿ ಹಾಕುತ್ತಿದ್ದ ಪೇಶ್ಕಾರ ಒಮ್ಮೆ ತಿರುಗಿ ನೋಡಿದ, ಬಿಳಿ ಟೋಪಿ ಸರಿಮಾಡಿಕೊಂಡು ಮನೆಗೆ ಹೋದ. ಹಳ್ಳದಲ್ಲಿ ಕಾಲು ತೊಳೆದ ಮೇಲೆ ಸಾಬಮ್ಮ ದಂಡೆಯಲ್ಲಿ ಕೂತು ಕೆಂದನ ಗೊರಸಿಗೆ ಎಣ್ಣೆ ಹಚ್ಚತೊಡಗಿದಳು.